ಹಾಡು ಅದೇ, ಕೇಳುವ ಕಿವಿ ಬೇರೆ

ಭಜನಿ ಪದ ಕೇಳುತ್ತ ಬೆಳೆದ ಯಾದಗಿರಿ, ಶಹಾಪುರ, ಸುರಪುರದ ಹುಡುಗರ ಇಯರ್‌ಫೋನಿನಲ್ಲಿ ಈಗ ಪ್ರೋಗ್ರೆಸಿವ್ ರಾಕ್! ಬೆಂಗಳೂರಿನ 'ಅಗಂ' ತಂಡಕ್ಕೆ ಎರಡು ದಶಕ ದಾಟಿದೆ. ಜತೆಗೆ ಅಭಿಮಾನಿಗಳಿಗೂ ವಯಸ್ಸಾಗಿದೆ. ಹದಿನೆಂಟರಲ್ಲಿ ಗಿಟಾರಿಗೆ ಕುಣಿದವರು ಮೂವತ್ತೈದರಲ್ಲಿ ಅದೇ ಹಾಡಿನ ಮಾತಿಗೆ ಕಿವಿಗೊಡುತ್ತಿದ್ದಾರೆ.

ಶ್ರಾವಣದ ರಾತ್ರಿ. ಹನ್ನೊಂದು ದಾಟಿದೆ. ಸುರಪುರದಿಂದ ತಿಂಥಣಿ ಕಡೆ ಹೋಗುವ ದಾರಿಯ ಒಂದು ಹಳ್ಳಿ. ಗುಡಿಯ ಕಟ್ಟಿ ಮೇಲೆ ಹತ್ತು ಹನ್ನೆರಡು ಮಂದಿ ಸುತ್ತುಗಟ್ಟಿ ಕೂತಿದ್ದಾರೆ. ನಡುವೆ ಪೇಟಿ, ಪಕ್ಕಕ್ಕೆ ತಬಲಾ, ಆಚೀಚೆ ದಮ್ಮಡಿ, ತಾಳ. ಏಕತಾರಿ ಹಿಡಿದ ಮುತ್ಯಾ ಕಣ್ಣು ಮುಚ್ಚಿ ಒಂದು ಸಾಲು ಎತ್ತಿದ್ದಾರೆ. ಮೇಳದವರು ಆ ಸಾಲನ್ನೇ ಹಿಡಿದು, ಜಗ್ಗಿ, ತಿರುವಿ, ಮತ್ತೆ ಅವರ ಬಾಯಿಗೇ ಒಪ್ಪಿಸುತ್ತಿದ್ದಾರೆ. ಪದ ಶುರುವಾಗಿ ಇಪ್ಪತ್ತು ನಿಮಿಷವಾದರೂ ಎರಡನೆಯ ನುಡಿ ಮುಗಿದಿಲ್ಲ. ಯಾರಿಗೂ ಅವಸರವಿಲ್ಲ.

ಚಹಾಕ್ಕೆಂದು ಮೇಳ ನಿಂತಾಗ ಬೆಂಗಳೂರಿನಿಂದ ರಜೆಗೆ ಬಂದಿದ್ದ ಹುಡುಗನೊಬ್ಬ ಮುತ್ಯಾನ ಹತ್ತಿರ ಸರಿದು ಕೂತ. ಮೊಬೈಲ್ ತೆಗೆದ. ಇಯರ್‌ಫೋನಿನ ಒಂದು ತುದಿಯನ್ನು ಅವರ ಕಿವಿಗಿಟ್ಟ.

"ಮುತ್ಯಾ, ಇದೊಂದ್ ಕೇಳ್ರಿ."

ಮುತ್ಯಾ ಕೇಳಿದರು. ಬೆರಳು ತೊಡೆಯ ಮೇಲೆ ಲೆಕ್ಕ ಹಾಕತೊಡಗಿತು. ಹುಬ್ಬು ಒಮ್ಮೆ ಗಂಟಾಯಿತು, ಒಮ್ಮೆ ಸಡಿಲಾಯಿತು. ಚಹಾ ಆರಿತು.

"ಮಲ್ಹಾರ ಅದ ಇದು. ಛಲೋ ಹಾಡ್ಯಾನ. ಬಾರಿಸೋದು ಜರಾ ಜೋರ್ ಆಗ್ಯದ" ಅಂದರು. ಹುಡುಗ ಮೊಬೈಲ್ ಒಳಗಿಡಲು ಹೋದರೆ ಕೈ ಹಿಡಿದು ನಿಲ್ಲಿಸಿದರು. "ಇನ್ನೊಮ್ಮಿ ಹಚ್ಚಪಾ. ಒಮ್ಮಿಗೇ ಹ್ಯಾಂಗ ತಿಳೀತದ?"

ಅವರು ಕೇಳಿದ್ದು 'ಮಲ್ಹಾರ್ ಜಾಮ್'. ಹಾಡಿದ್ದು ಬೆಂಗಳೂರಿನ 'ಅಗಂ'. ಶಾಸ್ತ್ರೀಯ ಸಂಗೀತವನ್ನು ಪ್ರೋಗ್ರೆಸಿವ್ ರಾಕ್ ಜತೆ ಬೆಸೆದು ಹಾಡುವ ತಂಡ. ಹುಟ್ಟಿದ್ದು 2003ರಲ್ಲಿ. ಅಂದರೆ ಅದನ್ನು ಕಾಲೇಜಿನಲ್ಲಿ ಕೇಳತೊಡಗಿದವರ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರೆ.

ಇಷ್ಟು ವರ್ಷ ಒಂದು ತಂಡವನ್ನು ಹಿಂಬಾಲಿಸಿದವರ ಕಿವಿಗೆ ಏನಾಗುತ್ತದೆ? ನನಗೆ ಕುತೂಹಲ ಇರುವುದು ಅಲ್ಲಿ. ತಂಡದ ಇತಿಹಾಸ ಎಲ್ಲಿ ಬೇಕಾದರೂ ಸಿಗುತ್ತದೆ. ಕೇಳುಗನ ಇತಿಹಾಸವನ್ನು ಯಾರೂ ಬರೆದಿಡುವುದಿಲ್ಲ.

> ಏನಿದು ಪ್ರೋಗ್ರೆಸಿವ್ ರಾಕ್?
> 1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಬೆಳೆದ ಪ್ರಕಾರ. ಮೂರು ನಿಮಿಷದ ರೇಡಿಯೊ ಹಾಡಿನ ಅಳತೆಯನ್ನು ಮುರಿದು, ಶಾಸ್ತ್ರೀಯ ಸಂಗೀತ, ಜಾಝ್, ಜಾನಪದಗಳಿಂದ ಎರವಲು ತಂದು, ಇಡೀ ಆಲ್ಬಂ ಒಂದೇ ವಿಚಾರದ ಸುತ್ತ ಕಟ್ಟುವುದು ಇದರ ಗುಣ. 'ಕಿಂಗ್ ಕ್ರಿಮ್ಸನ್' ತಂಡದ ಮೊದಲ ಆಲ್ಬಂ ಬಂದದ್ದು 1969ರ ಅಕ್ಟೋಬರಿನಲ್ಲಿ. 'ಪಿಂಕ್ ಫ್ಲಾಯ್ಡ್' ತಂಡದ 'ಎಕೋಸ್' (1971) 23 ನಿಮಿಷದ ಹಾಡು. 'ಯೆಸ್' ತಂಡದ 'ಕ್ಲೋಸ್ ಟು ದಿ ಎಡ್ಜ್' (1972) ಸುಮಾರು 18 ನಿಮಿಷ. 'ಜೆಥ್ರೊ ಟಲ್' ತಂಡದ 'ಥಿಕ್ ಆ್ಯಸ್ ಎ ಬ್ರಿಕ್' (1972) ಗ್ರಾಮಫೋನ್ ತಟ್ಟೆಯ ಎರಡೂ ಬದಿ ತುಂಬುವ ಒಂದೇ ಹಾಡು.

ರೈಲು ಹತ್ತಿದ ಕಿವಿಗಳು

ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಅಲ್ಲಿಯ ಹುಡುಗರು ಬ್ಯಾಗು ಹೊತ್ತು ಬಸ್ಸಿನಲ್ಲಿ ಯಾದಗಿರಿಗೆ ಬಂದು, ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸೋ ಕರ್ನಾಟಕ ಎಕ್ಸ್‌ಪ್ರೆಸ್ಸೋ ಹಿಡಿಯುತ್ತಾರೆ. ಗಾರೆ ಕೆಲಸಕ್ಕೆ ಹೋಗುವವರು, ಡಿಪ್ಲೊಮಾ ಮುಗಿಸಿದವರು, ಎಂಜಿನಿಯರಿಂಗ್ ಸೀಟು ಸಿಕ್ಕವರು ಎಲ್ಲರೂ ಅದೇ ಗಾಡಿ.

ಇವರಲ್ಲಿ ಕೆಲವರಿಗೆ ಬೆಂಗಳೂರಿನ ಕಾಲೇಜು ಉತ್ಸವಗಳಲ್ಲಿ ರಾಕ್ ಸಂಗೀತದ ಪರಿಚಯವಾಗುತ್ತದೆ. ಬೆಂಗಳೂರಿಗೆ ಅದು ಹಳೆಯ ನಂಟು. ಕ್ರೈಸ್ಟ್ ಕಾಲೇಜಿನ ಗೆಳೆಯರು ಕಟ್ಟಿದ 'ಥರ್ಮಲ್ ಆ್ಯಂಡ್ ಎ ಕ್ವಾರ್ಟರ್' ತಂಡ ಶುರುವಾದದ್ದು 1996ರಲ್ಲಿ. ಬ್ರೂಸ್ ಲೀ ಮಣಿ ಅವರ ಗಿಟಾರು, ರಾಜೀವ್ ರಾಜಗೋಪಾಲ್ ಅವರ ಡ್ರಮ್ಸ್ ಕೇಳುತ್ತ ಒಂದು ತಲೆಮಾರೇ ಬೆಳೆಯಿತು. 2002ರ ಏಪ್ರಿಲ್‌ನಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ಅರಮನೆ ಮೈದಾನದಲ್ಲಿ ಹಾಡಿದರು. ಆ ರಾತ್ರಿಯನ್ನು ಇಂದಿಗೂ ನಿನ್ನೆ ಮೊನ್ನೆಯದೆಂಬಂತೆ ಹೇಳುವವರು ಬೆಂಗಳೂರಿನಲ್ಲಿ ಸಿಗುತ್ತಾರೆ.

ಪ್ರೋಗ್ರೆಸಿವ್ ರಾಕ್ ಮೊದಲ ಸಲ ಕೇಳಿದವರಿಗೆ ಸಾಮಾನ್ಯವಾಗಿ ಎರಡು ತೊಡಕು. ಹಾಡು ಬಹಳ ಉದ್ದ. ತಾಳ ಕೈಗೆ ಸಿಗುವುದಿಲ್ಲ.

ನಮ್ಮ ಕಡೆಯ ಹುಡುಗರಿಗೆ ಮೊದಲನೆಯ ತೊಡಕು ಇರಲೇ ಇಲ್ಲ. ಅಮಾಸಿ ಭಜನಿಗೆ ಅಜ್ಜನ ಮಗ್ಗುಲಲ್ಲಿ ಕೂತು, ಅಲ್ಲೇ ನಿದ್ದೆ ಹೋಗಿ, ನಡುರಾತ್ರಿ ಎದ್ದಾಗಲೂ ಅದೇ ಪದ ನಡೆದಿದ್ದನ್ನು ಕೇಳಿದವರು ಅವರು. ಕಡಕೋಳ ಮಡಿವಾಳಪ್ಪನವರ ಮಠ ಇರುವುದು ನಮ್ಮ ಪಕ್ಕದ ಸೀಮೆಯಲ್ಲೇ. ಅವರ ಪದಗಳು, ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ಪದಗಳು, ಇತ್ತ ತಿಂಥಣಿ ಮೋನಪ್ಪಯ್ಯನವರ ವಚನಗಳು ಈ ಮಣ್ಣಿನಲ್ಲಿ ರಾತ್ರಿಗಟ್ಟಲೆ ಮೊಳಗಿದವು. ಒಂದು ಸಾಲಿನ ಮೇಲೆ ಅರ್ಧ ತಾಸು ನಿಲ್ಲುವುದು, ಸವಾಲು ಹಾಕುವುದು, ಒಡಪು ಬಿಡಿಸುವುದು, ಮತ್ತೆ ಪಲ್ಲವಿಗೆ ಬರುವುದು ಅವರ ಬಾಲ್ಯದ ಸಾಮಾನ್ಯ ಅನುಭವ. ಹೀಗೆ ಬೆಳೆದ ಕಿವಿಗೆ 23 ನಿಮಿಷದ ಹಾಡು ಭಾರವಾಗಲಿಲ್ಲ.

ಸುರಪುರದ ನನ್ನ ಗೆಳೆಯನೊಬ್ಬ ಹಾಸ್ಟೆಲಿನ ದಿನಗಳ ಬಗ್ಗೆ ಹೇಳುತ್ತಿದ್ದ: "ಬಾಜೂಕ ಇದ್ದ ಹುಡುಗೂರೆಲ್ಲ 'ಇದೇನ್ಲೇ ಮುಗೀವಲ್ದು' ಅಂತಿದ್ರು. ನನಗ ಮಾತ್ರ ಮನಿ ನೆನಪಾಗ್ತಿತ್ತು."

ಮಲ್ಹಾರ ಇಲ್ಲಿಯ ಮಳೆಯ ರಾಗ

'ಅಗಂ' ಹಾಡುವುದು ಬಹುಮಟ್ಟಿಗೆ ದಕ್ಷಿಣಾದಿ ಕೃತಿಗಳನ್ನು. ತ್ಯಾಗರಾಜರು, ದೀಕ್ಷಿತರು, ಸ್ವಾತಿ ತಿರುನಾಳರ ರಚನೆಗಳು. ಗಾಯಕ, ಪಿಟೀಲುವಾದಕ ಹರೀಶ್ ಶಿವರಾಮಕೃಷ್ಣನ್, ಕೀಬೋರ್ಡ್ ನುಡಿಸಿ ಸಾಹಿತ್ಯವನ್ನೂ ಬರೆಯುವ ಸ್ವಾಮಿ ಸೀತಾರಾಮನ್, ಗಿಟಾರಿನ ಪ್ರವೀಣ್ ಕುಮಾರ್, ಬೇಸ್ ಗಿಟಾರಿನ ಆದಿತ್ಯ ಕಶ್ಯಪ್, ತಾಳವಾದ್ಯದ ಶಿವಕುಮಾರ್ ನಾಗರಾಜನ್ ಮುಂತಾದವರು ಸೇರಿ ಕಟ್ಟಿದ ನಾದ ಅದು.

ನಮ್ಮ ಸೀಮೆಯಾದರೋ ಹಿಂದೂಸ್ತಾನಿಯದು. ಶ್ರಾವಣ ಬಂತೆಂದರೆ ಊರೂರಿನ ಮಠಗಳಲ್ಲಿ ತಿಂಗಳಿಡೀ ಪುರಾಣ. ಪುರಾಣಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳು ಬರುತ್ತಾರೆ. ಪಂಚಾಕ್ಷರ ಗವಾಯಿ, ಪುಟ್ಟರಾಜ ಗವಾಯಿಗಳ ಆ ಪರಂಪರೆ ಶಾಸ್ತ್ರೀಯ ಸಂಗೀತವನ್ನು ಸಭಾಂಗಣದಿಂದ ಎತ್ತಿ ಹಳ್ಳಿಯ ಕಟ್ಟಿಗೆ ತಂದು ಕೂಡಿಸಿತು. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ಹೆಸರು ಹೇಳಿದರೆ ಈಗಲೂ ಕೈ ಮುಗಿಯುವ ಹಿರಿಯರಿದ್ದಾರೆ. ರಾಗದ ಹೆಸರು ಹೇಳಲು ಬಾರದಿದ್ದರೂ ಮಲ್ಹಾರ ಎತ್ತಿದೊಡನೆ ಮಳೆಯ ವಾಸನೆ ಹಿಡಿಯುವ ಕಿವಿಗಳು ಇಲ್ಲಿವೆ.

ಕೋಕ್ ಸ್ಟುಡಿಯೊ ಎಂಟಿವಿಯ ಮೂಲಕ ದೇಶಕ್ಕೆಲ್ಲ ತಲುಪಿದ 'ಮಲ್ಹಾರ್ ಜಾಮ್' ಕಲ್ಯಾಣ ಕರ್ನಾಟಕದ ಹುಡುಗರಿಗೆ ಸಲೀಸಾಗಿ ಒಗ್ಗಿದ್ದಕ್ಕೆ ಇದೇ ಕಾರಣ ಎಂದು ನನ್ನ ನಂಬಿಕೆ. ಗಿಟಾರು ಹೊಸದು, ರಾಗ ಮನೆಯದು. ಆ ಬಾಗಿಲಿನಿಂದ ಒಳಬಂದವರು ನಿಧಾನವಾಗಿ ತ್ಯಾಗರಾಜರ ಕಡೆ ನಡೆದರು. ನಳಿನಕಾಂತಿಯ 'ಮನವ್ಯಾಲಕಿಂಚ', ದೀಕ್ಷಿತರ 'ರಂಗಪುರ ವಿಹಾರ' ಮೊದಲ ಬಾರಿ ಕೇಳಿದ್ದೇ ಅಗಂ ತಂಡದಿಂದ ಎನ್ನುವ ಹುಡುಗರನ್ನು ಯಾದಗಿರಿಯಲ್ಲಿ ಕಂಡಿದ್ದೇನೆ. ಮದ್ರಾಸಿನ ಸಭೆಗಳಲ್ಲಿ ಬೆಳೆದ ರಸಿಕರಿಗೆ ಇದು ತಲೆಕೆಳಗಾದ ದಾರಿ ಅನ್ನಿಸಬಹುದು. ನನಗೆ ಸಂತೋಷದ ದಾರಿ. ಯಾವ ಕಡೆಯಿಂದ ಬಂದರೇನು, ಬಂದರಲ್ಲ.

> ಏಳರ ಲೆಕ್ಕ, ಐದರ ಲೆಕ್ಕ
> ಪಾಶ್ಚಾತ್ಯ ಜನಪ್ರಿಯ ಹಾಡುಗಳಲ್ಲಿ ಬಹುಪಾಲು ನಾಲ್ಕರ ಎಣಿಕೆ. ಪ್ರೋಗ್ರೆಸಿವ್ ರಾಕ್ ಅದನ್ನು ಒಡೆಯಿತು. ಪಿಂಕ್ ಫ್ಲಾಯ್ಡ್‌ನ 'ಮನಿ' (1973) ಏಳರ ಎಣಿಕೆಯಲ್ಲಿ ಸಾಗುತ್ತದೆ. ಜೆಥ್ರೊ ಟಲ್‌ನ 'ಲಿವಿಂಗ್ ಇನ್ ದ ಪಾಸ್ಟ್' (1969) ಐದರಲ್ಲಿ. ಪಶ್ಚಿಮದ ಕೇಳುಗರಿಗೆ ಅಚ್ಚರಿ ಹುಟ್ಟಿಸಿದ ಈ ಲೆಕ್ಕ ನಮಗೆ ಹೊಸದಲ್ಲ. ಕರ್ನಾಟಕ ಸಂಗೀತದ ಮಿಶ್ರ ಛಾಪು ಏಳು, ಖಂಡ ಛಾಪು ಐದು. ಹಿಂದೂಸ್ತಾನಿಯ ರೂಪಕ್ ಏಳು ಮಾತ್ರೆ, ಝಪ್‌ತಾಲ ಹತ್ತು, ದೀಪಚಂದಿ ಹದಿನಾಲ್ಕು.

ಮುನಿದವರು, ಮರಳಿದವರು

2007. ಸನ್ ಟಿವಿಯ 'ಊ ಲಲ್ಲಲ್ಲಾ' ಸ್ಪರ್ಧೆಯಲ್ಲಿ ಅಗಂ ಗೆದ್ದಿತು. ಅದರ ಹಿಂದೆ ಎ.ಆರ್. ರೆಹಮಾನ್ ಹೆಸರಿತ್ತು. ಗೆದ್ದವರೆಲ್ಲ ಸಿನಿಮಾಕ್ಕೆ ಓಡುವ ಕಾಲದಲ್ಲಿ ಈ ತಂಡದವರು ತಮ್ಮ ಐ.ಟಿ. ನೌಕರಿಗಳಲ್ಲೇ ಉಳಿದರು. ಹಗಲು ಕಂಪ್ಯೂಟರು, ರಾತ್ರಿ ಮತ್ತು ವಾರಾಂತ್ಯ ಸಂಗೀತ. ಮೊದಲ ಆಲ್ಬಂ 'ದಿ ಇನ್ನರ್ ಸೆಲ್ಫ್ ಅವೇಕನ್ಸ್' ಬರಲು 2012 ಆಯಿತು. ಎರಡನೆಯದು 'ಎ ಡ್ರೀಮ್ ಟು ರಿಮೆಂಬರ್' 2017ರಲ್ಲಿ. ಮೂರನೆಯದು 'ಅರೈವಲ್ ಆಫ್ ದಿ ಎಥೀರಿಯಲ್' 2025ರಲ್ಲಿ. ಇಪ್ಪತ್ತೆರಡು ವರ್ಷಕ್ಕೆ ಮೂರೇ ಆಲ್ಬಂ!

ಈ ನಿಧಾನವೇ ಅಭಿಮಾನಿಗಳನ್ನು ರೂಪಿಸಿತು. ವರ್ಷಕ್ಕೊಂದು ಆಲ್ಬಂ ಬಂದಿದ್ದರೆ ಹೊಸದನ್ನು ಹಿಡಿದು ಹಳೆಯದನ್ನು ಬಿಡುತ್ತಿದ್ದರು. ಐದು ವರ್ಷ, ಎಂಟು ವರ್ಷ ಕಾಯಬೇಕಾದಾಗ ಕೈಯಲ್ಲಿದ್ದ ಹತ್ತು ಹಾಡನ್ನೇ ತಿರುತಿರುಗಿ ಕೇಳಬೇಕು. ಹಾಗೆ ಕೇಳಿದಾಗ ಹಾಡಿನ ಒಳಗೆ ಏನೇನಿದೆ ಎಂಬುದು ಒಂದೊಂದಾಗಿ ಹೊರಬರುತ್ತದೆ. ಹರೆಯದಲ್ಲಿ ಡ್ರಮ್ಸು, ಗಿಟಾರಿನ ಏರಿಕೆಯೇ ಹಾಡು. ಪ್ರಾಯ ದಾಟಿದಂತೆ ಪಿಟೀಲು ಎಲ್ಲಿ ಹಿಂದೆ ಸರಿಯಿತು, ಬೇಸ್ ಎಲ್ಲಿ ಒಬ್ಬಂಟಿಯಾಯಿತು, ಗಾಯಕ ಒಂದು ಸ್ವರದ ಮೇಲೆ ಎಷ್ಟು ಹೊತ್ತು ನಿಂತ ಎಂಬುದರ ಕಡೆ ಗಮನ ಹೋಗುತ್ತದೆ.

ಹಾಗೆಂದು ಎಲ್ಲವೂ ಪ್ರೀತಿಯೇ ಅಲ್ಲ, ಮುನಿಸೂ ಉಂಟು. ಕೃತಿಗೆ ಡ್ರಮ್ಸ್ ಹಚ್ಚಿ ಕೆಡಿಸಿದರು ಎಂಬ ಸಂಪ್ರದಾಯಸ್ಥರ ಆಕ್ಷೇಪ ಮೊದಲಿನಿಂದಲೂ ಇದೆ. ಅದಕ್ಕಿಂತ ತೀಕ್ಷ್ಣವಾದದ್ದು ಹಳೆಯ ಅಭಿಮಾನಿಗಳದೇ ಮುನಿಸು. ಹರೀಶ್ ಅವರು ಹಳೆಯ ಮಲಯಾಳಂ, ತಮಿಳು ಸಿನಿಮಾ ಗೀತೆಗಳನ್ನು ತಮ್ಮ ಶೈಲಿಯಲ್ಲಿ ಹಾಡತೊಡಗಿದಾಗ ದೊಡ್ಡ ಹೊಸ ಸಮೂಹ ಸೇರಿತು. ಕಛೇರಿಯಲ್ಲಿ ಆ ಹಾಡುಗಳಿಗೇ ಕೂಗು. 'ನಾವು ಕಟ್ಟಿ ಬೆಳೆಸಿದ ತಂಡ ಕೈತಪ್ಪಿತು' ಎಂಬ ಸಂಕಟ ಮೊದಲಿನವರಿಗೆ.

ಈ ಸಂಕಟವನ್ನು ನಾನು ಹಗುರವಾಗಿ ಕಾಣಲಾರೆ. ಕಷ್ಟಪಟ್ಟು ಕಂಡುಕೊಂಡ ಸಂಗೀತ ಸಂತೆಯಾದಾಗ ನೋವಾಗುತ್ತದೆ. ಆದರೆ ಮುನಿದವರಲ್ಲಿ ಬಹಳ ಮಂದಿ ಮೂರನೆಯ ಆಲ್ಬಂ ಬಂದಾಗ ಮರಳಿದರು. ದೊಡ್ಡ ವಾದ್ಯವೃಂದ, ಮೇಳಗಾಯನ ಸೇರಿಸಿ ಕಟ್ಟಿದ ಆ ಆಲ್ಬಂನಲ್ಲಿ ಕೆ.ಎಸ್. ಚಿತ್ರಾ ಅವರೊಂದಿಗೆ ಹಾಡಿದ 'ದಿ ಸೈಲೆನ್ಸ್ ದಟ್ ರಿಮೇನ್ಸ್' ಇದೆ. ಅದರ ಬುಡ ತ್ಯಾಗರಾಜರ 'ಮೋಕ್ಷಮು ಗಲದಾ', ಸಾರಮತಿ ರಾಗದ ಕೃತಿ. ಭಕ್ತಿಯೊಂದಿಗೆ ಕೂಡಿದ ಸಂಗೀತದ ಅರಿವಿಲ್ಲದವರಿಗೆ ಬಿಡುಗಡೆಯುಂಟೆ ಎಂದು ಕೇಳುವ ಕೃತಿ ಅದು. ಅರಿವು, ಬಿಡುಗಡೆಗಳ ಇಂಥ ಪ್ರಶ್ನೆಯನ್ನೇ ನಮ್ಮ ತತ್ವಪದಕಾರರು ಒಕ್ಕಲುತನದ, ಬೀಸುಕಲ್ಲಿನ, ಸೋರುವ ಮಾಳಿಗೆಯ ಮಾತಿನಲ್ಲಿ ಕೇಳಿದರು. ಅದು ಒಳಗಿಳಿಯಲು ಕೇಳುಗನಿಗೂ ಒಂದಿಷ್ಟು ಬದುಕು ಆಗಿರಬೇಕು.

ಎಂಟು ನಿಮಿಷ ಕಾಯುವುದು

ಕೇಳುಗನ ಬದುಕು ಹಾಡಿನ ಅರ್ಥವನ್ನು ಹೇಗೆ ತಿರುಗಿಸುತ್ತದೆ ಎನ್ನಲು ಪಿಂಕ್ ಫ್ಲಾಯ್ಡ್‌ಗಿಂತ ದೊಡ್ಡ ಉದಾಹರಣೆ ನನಗೆ ತಿಳಿಯದು.

1975ರ ಜೂನ್ 5. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊ. 'ಶೈನ್ ಆನ್ ಯು ಕ್ರೇಜಿ ಡೈಮಂಡ್' ಹಾಡಿನ ಕೆಲಸ ನಡೆದಿದೆ. ತಂಡದ ಮೊದಲ ನಾಯಕ ಸಿಡ್ ಬ್ಯಾರೆಟ್‌ನನ್ನು ನೆನೆದು ಕಟ್ಟಿದ ಹಾಡು. ಮನಸ್ಸಿನ ಸಮತೋಲ ಕದಡಿ 1968ರಲ್ಲೇ ಆತ ತಂಡದಿಂದ ಹೊರಬಿದ್ದಿದ್ದ. ಆ ದಿನ ಸ್ಟುಡಿಯೊದೊಳಗೆ ದಪ್ಪನೆಯ ವ್ಯಕ್ತಿಯೊಬ್ಬ ಬಂದು ನಿಂತ. ತಲೆ ಬೋಳು, ಹುಬ್ಬೂ ಬೋಳಿಸಿದೆ. ಯಾರೂ ಗುರುತು ಹಿಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ತಿಳಿಯಿತು, ಬಂದವನು ಬ್ಯಾರೆಟ್!

ಆ ಹಾಡು ಸೇರಿದ 'ವಿಶ್ ಯು ವರ್ ಹಿಯರ್' ಆಲ್ಬಂ ಅದೇ ಸೆಪ್ಟೆಂಬರಿನಲ್ಲಿ ಬಂತು. ಮಾರಾಟ ಜೋರಾಯಿತು, ವಿಮರ್ಶಕರು ಮಾತ್ರ ಮೂಗು ಮುರಿದರು. 'ರೋಲಿಂಗ್ ಸ್ಟೋನ್' ಪತ್ರಿಕೆಯ ವಿಮರ್ಶೆ ತಣ್ಣಗಿತ್ತು. ಎರಡು ವರ್ಷ ಹಿಂದಷ್ಟೇ 'ದಿ ಡಾರ್ಕ್ ಸೈಡ್ ಆಫ್ ದ ಮೂನ್' ಕೊಟ್ಟವರು ಸೋತರು ಎಂಬ ಧಾಟಿ. ಕಾಲ ಕಳೆದಂತೆ ಅದೇ ಆಲ್ಬಂ ಅಭಿಮಾನಿಗಳ ಎದೆಗೆ ಹೆಚ್ಚು ಹತ್ತಿರವಾಯಿತು. ಅದೇ 'ರೋಲಿಂಗ್ ಸ್ಟೋನ್' ಮುಂದೆ ಅದನ್ನು ಸಾರ್ವಕಾಲಿಕ ಶ್ರೇಷ್ಠ ಆಲ್ಬಂಗಳ ಪಟ್ಟಿಗೆ ಸೇರಿಸಿತು. ಗಿಟಾರ್ ವಾದಕ ಡೇವಿಡ್ ಗಿಲ್ಮೋರ್, ಕೀಬೋರ್ಡ್‌ನ ರಿಚರ್ಡ್ ರೈಟ್ ಇಬ್ಬರೂ ತಮಗೆ ಬಹಳ ಮೆಚ್ಚಿನದು ಅದೇ ಎಂದರು.

'ಕ್ರೇಜಿ ಡೈಮಂಡ್' ಹಾಡಿನಲ್ಲಿ ದನಿಯೆತ್ತಿ ಹಾಡುವುದು ಶುರುವಾಗಲು ಎಂಟು ನಿಮಿಷ ದಾಟಬೇಕು. ಅಲ್ಲಿಯವರೆಗೆ ಕೀಬೋರ್ಡಿನ ನಿಧಾನದ ಹರಹು, ಗಿಟಾರಿನ ನಾಲ್ಕು ಸ್ವರ. ಉದ್ದದ ಹಾಡಿಗೆ ಅಂಜದ ಆ ಸುರಪುರದ ಗೆಳೆಯನಿಗೂ ಹರೆಯದಲ್ಲಿ ಈ ಎಂಟು ನಿಮಿಷ ಮಾತ್ರ ದಕ್ಕಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಅವನು ಬೆಂಗಳೂರಿನ ಕೋಣೆಯಲ್ಲಿ ಒಬ್ಬನೇ ಅದನ್ನು ಪೂರ್ತಿ ಕೇಳಿದನಂತೆ.

"ಮೊದಲೆಲ್ಲ ಓಡಿಸಿ ಓಡಿಸಿ ಹಾಡಿಗೆ ಬರ್ತಿದ್ದೆ. ಈಗ ಹಾಡಿಗಿಂತ ಮೊದಲಿಂದs ಬೇಕಾಗ್ತದ ನೋಡು" ಅಂದ.

ಇಲ್ಲದವರನ್ನು ಕುರಿತ ಆಲ್ಬಂ ಅದು. ಮನೆಗೊಬ್ಬರಾದರೂ ಬೆಂಗಳೂರು, ಪುಣೆ, ಮುಂಬಯಿಯಲ್ಲಿ ದುಡಿಯುವ ನಮ್ಮ ಸೀಮೆಯಲ್ಲಿ ಇಲ್ಲದವರ ನೆನಪು ದಿನನಿತ್ಯದ್ದು. ಲಂಡನ್ನಿನ ಶ್ರೀಮಂತ ತಂಡವೊಂದರ ಐವತ್ತು ವರ್ಷ ಹಿಂದಿನ ದುಃಖ ಕೃಷ್ಣಾ ದಂಡೆಯ ಹುಡುಗನಿಗೆ ತನ್ನದೆನಿಸಲು ಭಾಷೆ ಅಡ್ಡಬರಲಿಲ್ಲ.

> ತಟ್ಟೆಯಿಂದ ಮೆಮೊರಿ ಕಾರ್ಡಿಗೆ
> 'ದಿ ಡಾರ್ಕ್ ಸೈಡ್ ಆಫ್ ದ ಮೂನ್' ಬಂದದ್ದು 1973ರ ಮಾರ್ಚ್‌ನಲ್ಲಿ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಒಟ್ಟು 900 ವಾರಗಳಿಗೂ ಹೆಚ್ಚು ಕಾಲ ಇದೆ. ಅದರ ಹಾಡುಗಳು ಒಂದರೊಳಗೊಂದು ಬೆಸೆದು ಹರಿಯುತ್ತವೆ. ನಮ್ಮ ಕಡೆ ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡುತ್ತಿದ್ದ ಕಾಲದಲ್ಲಿ ಆ ಹರಿವು ತುಂಡಾಯಿತು. ಒಂದು ಹಾಡಿನ ಬಾಲ ಕತ್ತರಿಸಿ ಇನ್ನೊಂದು ಸಿನಿಮಾ ಹಾಡಿಗೆ ಅಂಟುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು. ಇಡೀ ಆಲ್ಬಂ ಕ್ರಮವಾಗಿ ಕೇಳುವ ಅವಕಾಶ ಹಳ್ಳಿಗೂ ಸಿಕ್ಕಿತು.

ಹೆಸರು ಉಳಿಯಿತು, ಜನ ಬದಲಾದರು

ದೀರ್ಘಕಾಲ ಬಾಳಿದ ತಂಡಗಳ ಅಭಿಮಾನಿಗಳಲ್ಲಿ ಬಗೆಹರಿಯದ ಒಂದು ಜಗಳವಿದೆ. ಮೂಲದವರು ಹೋದ ಮೇಲೂ ಅದು ಅದೇ ತಂಡವೇ?

'ಯೆಸ್' ತಂಡದ ಬೇಸ್ ವಾದಕ ಕ್ರಿಸ್ ಸ್ಕ್ವೈರ್ 2015ರಲ್ಲಿ ತೀರಿಕೊಂಡ ಮೇಲೆ ಸ್ಥಾಪಕರಲ್ಲಿ ಒಬ್ಬರೂ ಅದರಲ್ಲಿ ಉಳಿಯಲಿಲ್ಲ. ಆದರೂ ತಂಡ ನುಡಿಸುತ್ತಿದೆ. 1967ರಿಂದ ನಡೆದು ಬಂದ ಜೆಥ್ರೊ ಟಲ್‌ನಲ್ಲಿ ಮೊದಲಿನಿಂದ ಇಂದಿನವರೆಗೆ ಇರುವುದು ಇಯಾನ್ ಆ್ಯಂಡರ್ಸನ್ ಒಬ್ಬರೇ. ಒಂಟಿಗಾಲಲ್ಲಿ ನಿಂತು ಕೊಳಲೂದುವ ಅವರ ಭಂಗಿ ನೋಡಿ ಕೃಷ್ಣನನ್ನು ನೆನೆಯದ ಭಾರತೀಯ ಪ್ರೇಕ್ಷಕ ಇರಲಾರ.

ಆ್ಯಂಡರ್ಸನ್ ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. 'ಥಿಕ್ ಆ್ಯಸ್ ಎ ಬ್ರಿಕ್' ಹಾಡಿನ ಪದ್ಯ ಬರೆದವನು ಜೆರಾಲ್ಡ್ ಬೋಸ್ಟಾಕ್ ಎಂಬ ಎಂಟು ವರ್ಷದ ಬಾಲಕ ಎಂದು 1972ರಲ್ಲಿ ಒಂದು ಕಲ್ಪನೆ ಕಟ್ಟಿದ್ದರು. ನಲವತ್ತು ವರ್ಷದ ನಂತರ, 2012ರಲ್ಲಿ, ಆ ಬಾಲಕ ಈಗ ಏನಾಗಿರಬಹುದು ಎಂದು ಕೇಳುತ್ತ ಅದರ ಎರಡನೆಯ ಭಾಗವನ್ನೇ ತಂದರು. ಮೊದಲ ಆಲ್ಬಂ ಕೊಂಡಿದ್ದ ಹುಡುಗರೆಲ್ಲ ಅಷ್ಟರಲ್ಲಿ ತಲೆ ನರೆತವರು. ತನ್ನ ಕೇಳುಗನಿಗೆ ವಯಸ್ಸಾಗಿದೆ ಎಂಬುದನ್ನು ಕಲಾವಿದನೊಬ್ಬ ಇಷ್ಟು ಗೌರವದಿಂದ ಗಮನಿಸಿದ್ದು ಅಪರೂಪ.

ನಮ್ಮ ಭಜನಿ ಮೇಳಗಳಲ್ಲಿ ಈ ಪ್ರಶ್ನೆ ಬೇರೆ ರೀತಿ ಬಗೆಹರಿದಿದೆ. ಅಜ್ಜ ಬಾರಿಸುತ್ತಿದ್ದ ದಮ್ಮಡಿ ಮೊಮ್ಮಗನ ಕೈಗೆ ಬರುತ್ತದೆ. ಪೇಟಿ ನುಡಿಸುವವರು ಬದಲಾಗುತ್ತಾರೆ. ಮೇಳ ಊರಿನ ಹೆಸರಿನದೇ, ದೇವರ ಹೆಸರಿನದೇ. ಪದದ ಕೊನೆಗೆ ಬರುವ ಅಂಕಿತವೂ ಬದಲಾಗುವುದಿಲ್ಲ. 'ಮೊದಲಿನ್ಹಾಂಗ ಹಾಡಂಗಿಲ್ಲ ಈಗಿನೋರು' ಎಂದು ಗೊಣಗುತ್ತಲೇ ಹಳಬರು ಬಂದು ಮುಂದಿನ ಸಾಲಲ್ಲಿ ಕೂರುತ್ತಾರೆ. ಬೆಳಗಿನ ಮಂಗಳಾರತಿವರೆಗೂ ಏಳುವುದಿಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ಹೇಳಲೇಬೇಕು. ಅಗಂ ಹಾಡು ಕೇಳಿ ಬೆರಗಾಗುವ ಇಲ್ಲಿಯ ಹುಡುಗರಲ್ಲಿ ಬಹಳ ಮಂದಿಗೆ ತಮ್ಮೂರ ಮೇಳದಲ್ಲಿ ಹಾಡುವವರ ಹೆಸರು ಗೊತ್ತಿಲ್ಲ. ಮೇಳದ ಹಾಡು ಸರಿಯಾಗಿ ಧ್ವನಿಮುದ್ರಣವಾಗಿಲ್ಲ. ಆಗಿದ್ದ ಕ್ಯಾಸೆಟ್‌ಗಳ ರೀಲು ಬೂಸಲು ಹಿಡಿಯಿತು. ಮರಳಿ ಕೇಳಲು ಸಾಧ್ಯವಿಲ್ಲದ ಸಂಗೀತಕ್ಕೆ, ಇಪ್ಪತ್ತು ವರ್ಷ ಬಿಟ್ಟು ಬೇರೆ ಕಿವಿಯಿಂದ ಕೇಳಿಸಿಕೊಳ್ಳುವ ಭಾಗ್ಯವೂ ಇಲ್ಲ. ಕನಕದಾಸ ಅಧ್ಯಯನ ಕೇಂದ್ರದ ಮೂಲಕ ನಾಡಿನ ತತ್ವಪದಗಳು ಹತ್ತಾರು ಸಂಪುಟಗಳಲ್ಲಿ ಅಚ್ಚಾದದ್ದು ದೊಡ್ಡ ಕೆಲಸ. ಪಠ್ಯ ಉಳಿಯಿತು. ಧಾಟಿ?

ಅಗಂನ 'ಮಲ್ಹಾರ್ ಜಾಮ್' ಯೂಟ್ಯೂಬಿನಲ್ಲಿ ಯಾವ ರಾತ್ರಿ ಹುಡುಕಿದರೂ ಸಿಗುತ್ತದೆ. ಸುರಪುರ ಸೀಮೆಯ ಮೇಳವೊಂದು ಒಂದೇ ಪದವನ್ನು ನಲವತ್ತು ನಿಮಿಷ ಬೆಳೆಸುವ ಪರಿ, ಒಳ್ಳೆಯ ಮೈಕಿನಲ್ಲಿ, ಒಬ್ಬೊಬ್ಬರ ದನಿಯೂ ಬಿಡಿಯಾಗಿ ಕೇಳುವಂತೆ ಸಿಗಬೇಕು. ಮೊಬೈಲ್‌ನಲ್ಲಿ ಹಿಡಿದ ಅಲುಗಾಡುವ ತುಣುಕುಗಳು ಸಾಲವು.

ಒಂದೇ ವೇದಿಕೆ

ಉರ್ದು, ಕಾಶ್ಮೀರಿಯಲ್ಲಿ ಹಾಡುವ 'ಪರ್ವಾಜ್' ಕೂಡ ಬೆಂಗಳೂರಿನ ತಂಡ. ಅದರ 'ಬಾರಾನ್' ಆಲ್ಬಂ (2014) ಕೇಳಿದಾಗ ನನಗೆ ಮೊದಲು ನೆನಪಾದದ್ದು ಶಹಾಪುರ ತಾಲ್ಲೂಕಿನ ಗೋಗಿ. ಬಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಾಹನ ಸಮಾಧಿ ಇರುವ ಊರದು. ಅದೇ ವಂಶದ ಎರಡನೇ ಇಬ್ರಾಹಿಂ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಪುಸ್ತಕವನ್ನೇ ಬರೆದ. ದಖ್ಖನಿ ಮಾತು ಮನೆಮಾತಾಗಿರುವ, ಉರುಸಿನಲ್ಲಿ ಕವ್ವಾಲಿ ಕೇಳುವ ಗೋಗಿಯ ಜನಕ್ಕೆ ಪರ್ವಾಜ್‌ನ ದನಿ ಅಪರಿಚಿತ ಅನ್ನಿಸಲಾರದು. ಆದರೆ ಕೇಳುವುದೆಲ್ಲಿ? ಈ ತಂಡಗಳ ಪ್ರವಾಸದ ಪಟ್ಟಿಯಲ್ಲಿ ಮುಂಬಯಿ, ದಿಲ್ಲಿ, ಕೊಚ್ಚಿ, ದುಬೈ ಇರುತ್ತವೆ. ರೈಲು ಯಾದಗಿರಿಯಲ್ಲಿ ನಿಲ್ಲುತ್ತದೆ, ತಂಡ ಇಳಿಯುವುದಿಲ್ಲ.

ಜಿಲ್ಲಾ ಮಟ್ಟದ ಉತ್ಸವಗಳಿಗೆ ಸಿನಿಮಾ ಗಾಯಕರನ್ನು ಕರೆಸುವ ರೂಢಿ ಇದೆ. ಅದನ್ನು ಬೇಡವೆನ್ನುತ್ತಿಲ್ಲ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಸುತ್ತ ಒಂದು ಸಂಜೆಯನ್ನಾದರೂ ಇಂಥ ತಂಡಕ್ಕೆ ಕೊಡಬಹುದು. ಮಳೆಗಾಲದ ಕೊನೆ, ಮಲ್ಹಾರಕ್ಕೆ ಇನ್ನೂ ಹೊತ್ತಿದೆ. ಅದೇ ವೇದಿಕೆ ಮೇಲೆ ಸುರಪುರ, ಶಹಾಪುರ, ಹುಣಸಗಿ ಕಡೆಯ ಒಂದು ಭಜನಿ ಮೇಳ ಕೂರಲಿ. ತಂಡದ ಧ್ವನಿ ತಂತ್ರಜ್ಞರೇ ಮೇಳಕ್ಕೂ ಮೈಕ್ ಜೋಡಿಸಲಿ, ಪೂರ್ತಿ ಧ್ವನಿಮುದ್ರಿಸಿಕೊಳ್ಳಲಿ. ಗಿಟಾರಿನವರು ಕೆಳಗೆ ಮುಂದಿನ ಸಾಲಲ್ಲಿ ಕೂತು ಏಕತಾರಿ ಕೇಳಲಿ. ಆಮೇಲೆ ಮುತ್ಯಾಗಳು ಗಿಟಾರು ಕೇಳಲಿ.

ಸಂಘಟಕರಲ್ಲಿ ಒಂದೇ ಬಿನ್ನಹ. ಸರ್ಕಾರಿ ಸಮಾರಂಭಗಳಲ್ಲಿ ಭಜನಿ ಮೇಳದವರನ್ನು ಗಣ್ಯರು ಬರುವವರೆಗೆ ಹಾಡಿಸಿ, ಗಣ್ಯರು ಬಂದೊಡನೆ ನಡುಸಾಲಿನಲ್ಲೇ ಎಬ್ಬಿಸಿ ಕಳಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಅಂದು ಮಾತ್ರ ಮೇಳಕ್ಕೆ ಪೂರ್ತಿ ಒಂದು ತಾಸು ಕೊಡಿ. ಭಾಷಣಗಳು ಬೇಕಾದರೆ ಮರುದಿನ ಬೆಳಿಗ್ಗೆ ಇಟ್ಟುಕೊಳ್ಳಿ.